ಕಮಲಾಪುರದ ಒಬ್ಬನೇ ಗಂಡ

ಹತ್ತಿರ ಸರಿದು ಕೂಡ್ರಿ. ನಾ ದನಿ ಇಳಿಸಿ ಹೇಳಾಕತ್ತೀನಿ, ನೀವೂ ಬಾಯಿ ಬಿಟ್ಟು ಓದಬ್ಯಾಡ್ರಿ, ಕಣ್ಣಿನಾಗೇ ಓದ್ರಿ. ಹಿಂದ ಎಮ್ಮಿ ಕೊಟ್ಟಿಗ್ಯಾಗ ಮಲ್ಕಮ್ಮ ಕುಂತಾಳ, ಆಕಿ ಕಿವಿ ಭಾಳ ಚುರುಕು. ಹೆಣ್ಣುಮಗಳು ಎಮ್ಮಿ ಕೊಟ್ಟಿಗ್ಯಾಗ ಯಾಕ ಕುಂತಾಳ ಅಂತ ಅವಸರ ಮಾಡಬ್ಯಾಡ್ರಿ, ಅದನ್ನೇ ಹೇಳೋದು. ಮೊದಲು ಆಣಿ ಮಾಡ್ರಿ, ಈ ಮಾತು ನಮ್ಮ ಕಟ್ಟಿ ಇಳಿದು ಹೋಗಬಾರದು. ನಮ್ಮ ಓಣಿ ಗುಂಡಮ್ಮಗ, ರೋಷನಬಿಗೆ, ಹುಮನಾಬಾದ ಬಸ್ಸಿನ ಕಂಡಕ್ಟರ್‌ಗ ಹೇಳುವಾಗೂ ನಾ ಆಣಿ ಮಾಡಿಸಿಕೊಂಡೇ ಹೇಳೀನಿ.

ಹಕೀಕತ್ತು ಏನಂದ್ರ, ಸಾವಿರದ ಒಂಬೈನೂರ ತೊಂಬತ್ತೈದರಿಂದ ತೊಂಬತ್ತೆಂಟರ ತನಕ, ಸರ್ಕಾರದ ಪ್ರಕಾರ, ನಮ್ಮ ಕಮಲಾಪುರದಾಗ ಒಬ್ಬನೇ ಒಬ್ಬ ಗಂಡ ಇದ್ದ. ಅವನು ತೊಂಬತ್ತಮೂರರಾಗೇ ಸತ್ತಿದ್ದ.

ಈ ಸುದ್ದಿಯ ಒಳಗಿನ ಸುದ್ದಿ ನನಗ ಹ್ಯಾಂಗ ಗೊತ್ತಂದ್ರ, ನಮ್ಮ ಅಳಿಯ ಭಾಗಪ್ಪ ಕಲಬುರಗ್ಯಾಗ, ಜಗತ್ ಸರ್ಕಲ್ ಹತ್ತಿರ ಒಂದು ಅರಿವಿ ಅಂಗಡಿ ಮ್ಯಾಲಿನ ಅಂತಸ್ತಿನಾಗ ಇರೋ 'ಗ್ರಾಮ ಪುರಾವೆ ಅಧ್ಯಯನ ಕೇಂದ್ರ' ಅನ್ನೋ ದಫ್ತರದಾಗ ಚಪರಾಸಿ. ದಫ್ತರದಾಗ ಏನು ನಡದದ ಅನ್ನೋದು ಕುರ್ಚಿ ಮ್ಯಾಲ ಕುಂತವರಿಗಿಂತ ಚಾ ಒಯ್ಯಾಂವಗ ಹೆಚ್ಚು ಗೊತ್ತಿರ್ತದ. ಮಗಳ ಮನಿ ಖೂಬಾ ಪ್ಲಾಟಿನಾಗ. ತಿಂಗಳಿಗೆ ಎರಡು ಸಲ ಹೋಗ್ತೀನಿ, ಮಗಳನ್ನ ನೋಡ್ತೀನಿ, ಅಳಿಯನ್ನ ಕೇಳ್ತೀನಿ.

ಆ ದಫ್ತರದ ದೊಡ್ಡ ಸಾಹೇಬರು ಡಾಕ್ಟರ್ ಗುರುಲಿಂಗಪ್ಪ. ಸೂಜಿ ಮಾಡೋ ಡಾಕ್ಟರ್ ಅಲ್ಲ, ಬಡತನ ಓದಿ ಡಾಕ್ಟರ್ ಆದವರು. ಮೊದಲೆಲ್ಲಾ ಮಂತ್ರಿಗಳ ಮನಸ್ಸಿಗೆ ಬಂದಂಗ ಯೋಜನೆ ಮಾಡ್ತಿದ್ರಂತ. ಅದು ತಪ್ಪು, ಇನ್ನ ಮ್ಯಾಲ ಮೊದಲು ಪುರಾವೆ, ಆಮ್ಯಾಲ ಯೋಜನೆ ಅಂತ ಹೊರದೇಶದ ಒಂದು ಸಂಸ್ಥೆ ಹೇಳಿತು. ಹೇಳಿದ್ದು ಮನಸಿಗೆ ನಾಟಲಿ ಅಂತ ಸಂಗಡ ರೊಕ್ಕಾನೂ ಕಳಿಸಿತು. ರೊಕ್ಕ ಬಂದ ದಿನದಿಂದ ಸರ್ಕಾರಕ್ಕ ಪುರಾವೆ ಮ್ಯಾಲ ನಂಬಿಕಿ ಬಂತು.

ಪುರಾವೆ ತರಾಕ ಆರಿಸಿದ್ದು ಕಮಲಾಪುರ. ನಮ್ಮೂರು ಸಣ್ಣದಲ್ಲ, ಆದ್ರ ಮುನ್ನೂರ ಹನ್ನೆರಡು ಮನಿ ಕೇಳಿದ್ರ ಸಾಕು, ಅದೇ ಇಡೀ ಊರು ಅಂತ ತಿಳೀಬೇಕು ಅನ್ನೋದು ಅವರ ಶಾಸ್ತ್ರ. ಅದಕ್ಕ ನಾ ತಪ್ಪು ಅನ್ನಂಗಿಲ್ಲ. ಅನ್ನ ಬೆಂದದೋ ಇಲ್ಲೋ ನೋಡಾಕ ನಾವೂ ಒಂದು ಅಗಳೇ ಹಿಚುಕೋದು.

ಪ್ರಶ್ನೆಯ ಫಾರಮ್ಮು ಮೊದಲು ಖೂಬಾ ಪ್ಲಾಟಿನ ಒಂದು ಮನ್ಯಾಗ ಪರೀಕ್ಷಾ ಮಾಡಿದ್ರು. ಮೂರನೇ ಪ್ರಶ್ನೆ ಹಿಂಗಿತ್ತು: 'ನಿಮ್ಮ ಗಂಡ ಬದುಕಿದ್ದಾರೆಯೇ, ಸತ್ತಿದ್ದಾರೆಯೇ?' ಸೋಮವಾರ ಮುಂಜಾನಿ, ಹಣಿ ತುಂಬ ಕುಂಕುಮ ಹಚ್ಚಿಕೊಂಡ ಮುತ್ತೈದಿಗೆ ಈ ಮಾತು ಕೇಳಿದ್ರ ಏನಾಗಬೇಕು? ಆಕಿ ಕಸಬರಿಗಿ ತೊಗೊಂಡು ಕೇಳಿದಾತನ್ನ ಓಣಿ ದಾಟಿಸಿ ಬಂದಳು. ದಫ್ತರದಾಗ ಎರಡು ದಿನ ಸಭಾ ಕೂಡಿತು, ಭಾಗಪ್ಪ ಆರು ಸಲ ಚಾ ಒಯ್ದ, ಆಮ್ಯಾಲ ನಿಯಮ ಹೊರಬಿದ್ದವು:

'ನಿಯಮ ೪: ಗಂಡನು ಬದುಕಿರುವ ಅಥವಾ ಸತ್ತಿರುವ ವಿಷಯವನ್ನು ಯಾವ ಕಾರಣಕ್ಕೂ ಕೇಳತಕ್ಕದ್ದಲ್ಲ, ಹೇಳಿದರೆ ಬರೆದುಕೊಳ್ಳತಕ್ಕದ್ದಲ್ಲ. ಗಂಡನ ಹೆಸರನ್ನು ಮಾತ್ರ ಕೇಳತಕ್ಕದ್ದು. ಹೆಸರು ಇದ್ದಲ್ಲಿ ಗಂಡನು ಇರುವನೆಂದೂ, ಹೆಸರು ಇಲ್ಲದಿದ್ದಲ್ಲಿ ಗಂಡನು ಇಲ್ಲವೆಂದೂ ಭಾವಿಸತಕ್ಕದ್ದು.

ನಿಯಮ ೭: ಉತ್ತರವನ್ನು ಮನೆಯ ಹೆಣ್ಣುಮಗಳೇ ಖುದ್ದಾಗಿ ಹೇಳತಕ್ಕದ್ದು. ನೆರೆಹೊರೆಯವರು, ಮಕ್ಕಳು, ಅಥವಾ ಸ್ವತಃ ಗಂಡನು ಹೇಳಿದ ಮಾತು ಪುರಾವೆ ಎನಿಸಲಾರದು.'

ನಿಯಮ ತೊಗೊಂಡು ನಮ್ಮೂರಿಗೆ ಬಂದಾಂವ ಬುರ್ಹಾನುದ್ದೀನ್. ಬಿ.ಎ. ಓದಿದ ಹುಡುಗ, ಮಾತು ಸಕ್ಕರಿ, ಚಪ್ಪಲಿ ಬಾಗಲದಾಗ ಬಿಟ್ಟು ಬರೋ ಸಂಸ್ಕಾರ. ನಮ್ಮ ಕಟ್ಟಿ ಮ್ಯಾಲ ಕುಂತು ನೀರು ಕುಡಿದು ಕೇಳಿದ.

"ಅಮ್ಮಾ, ಯಜಮಾನರ ಹೆಸರೇನ್ರಿ?"

"ಇಶ್ಶಿ! ಹ್ಯಾಂಗ ಹೇಳ್ಲೋ ಯಪ್ಪಾ?"

"ಹೇಳ್ಬೇಕ್ರಿ. ಫಾರಮ್ಮಿನಾಗ ಜಾಗ ಅದ."

"ಜಾಗ ಇದ್ರ ನಿನ್ನ ಹೆಸರು ಬರ್ಕೋ."

ಗಂಡನ ಹೆಸರು ಬಾಯಿಲೆ ಅಂದ್ರ ಅವರ ಆಯುಷ್ಯ ಕಡಿಮಿ ಆಗ್ತದ, ಇದು ಎರಡನೇ ಇಯತ್ತೆ ಕಲಿತ ನನಗೂ ಗೊತ್ತು, ಶಾಲಿ ಮಾರಿ ನೋಡದ ಗುಂಡಮ್ಮಗೂ ಗೊತ್ತು. ನಮ್ಮ ಮನಿಯವರು ಅಲ್ಲೇ ಬೇವಿನ ಗಿಡದ ಕೆಳಗ ಬೀಡಿ ಸೇದಾಕತ್ತಿದ್ರು. ಕೆಮ್ಮಿ, ಎದ್ದು ಬಂದು, ತಮ್ಮ ಹೆಸರು ತಾವೇ ಹೇಳಿದ್ರು. ಅವರು ಏನು ಹೇಳಿದ್ರು ಅನ್ನೋದು ನಾ ಇಲ್ಲಿ ಬರೆಯಂಗಿಲ್ಲ.

ಬುರ್ಹಾನುದ್ದೀನ್ ಕೈ ಮುಗಿದ. "ನೀವು ಹೇಳಿದ್ರ ನಡೆಯಂಗಿಲ್ರಿ ಕಾಕಾ. ಈ ಮನಿಗೆ ನೀವು ಯಾರು ಅನ್ನೋದಕ್ಕ ಇನ್ನೂ ಪುರಾವೆ ಇಲ್ಲ."

"ಮತ್ತ ನಾ ಯಾರು?"

"ಅದನ್ನೇ ಅಮ್ಮಾರು ಹೇಳ್ಬೇಕಲ್ರಿ."

ನಾ ಸೆರಗು ಬಾಯಿಗೆ ಇಟ್ಟುಕೊಂಡೆ. ಹುಡುಗ ಪಾಪ ಪೆನ್ನಿನ ಟೊಪ್ಪಗಿ ತೆಗೆದ. "ನಮ್ಮ ಅಮ್ಮೀನೂ ಹೇಳಂಗಿಲ್ರಿ. ಆದ್ರ ಕಾಯ್ದೆ ನಾ ಮಾಡಿಲ್ಲ" ಅಂದವನೇ ಹೆಸರಿನ ಜಾಗದಾಗ ಒಂದು ಗೀಟು ಎಳೆದ. ಮುಂದ ಹನ್ನೊಂದನೇ ಪ್ರಶ್ನೆ: 'ಸಮೀಕ್ಷೆಯ ವೇಳೆ ಮನೆಯಲ್ಲಿ ಕಂಡುಬಂದ ಇತರರು.' ಅಲ್ಲಿ ನಮ್ಮ ಮನಿಯವರನ್ನ 'ಅತಿಥಿ, ಒಬ್ಬರು' ಅಂತ ಬರಕೊಂಡ. ಅವರು ಅದನ್ನ ಕೇಳಿ ಬೀಡಿ ಕೆಡಿಸಿ ಅಂದ್ರು, "ಹೋಗ್ಲಿ ಬಿಡು, ನಲವತ್ತು ವರ್ಷದಿಂದ ನನಗೂ ಹಂಗೇ ಅನಸಾಕತ್ತಿತ್ತು."

ಮಗ್ಗಲ ಮನಿ ಮಲ್ಕಮ್ಮಂದು. ಮಲ್ಕಮ್ಮನ ಗಂಡ ಚಂದ್ರಾಮಪ್ಪ ಕೆಂಪು ಬಾಳಿ ತೋಟದಾಗ ಹಾವು ಮುಟ್ಟಿ ಎರಡು ವರ್ಷದ ಹಿಂದ ಹೋಗಿದ್ದ. ಮಕ್ಕಳಿಲ್ಲ. ಹಳೀ ಮಣ್ಣಿನ ಮಾಳಗಿ ಮನಿ, ತೊಲಿಗೆ ಗೆದ್ದಲ ಹಿಡಿದು, ನಡುವಿನ ಖೋಲಿ ಮ್ಯಾಲ ಆಗಲೇ ಆಕಾಶ ಕಾಣತಿತ್ತು. ನಾ ಬುರ್ಹಾನುದ್ದೀನನ ಬೆನ್ನ ಹಿಂದೇ ಹೋದೆ. ಪರರ ಮನ್ಯಾಗ ಏನು ಬರಕೋತಾರ ಅಂತ ತಿಳಕೋಬೇಕಲ್ಲ.

"ಯಜಮಾನರ ಹೆಸರೇನ್ರಿ ಅಮ್ಮಾ?"

"ಚಂದ್ರಾಮಪ್ಪ" ಅಂದಳು ಮಲ್ಕಮ್ಮ, ಜೋರಾಗಿ.

ಮೂರು ದಿನದಾಗ ಮೊದಲನೇ ಹೆಸರು. ಹುಡುಗನ ಪೆನ್ನೇ ನಿಂತುಬಿಡ್ತು. ನಾ ಗದ್ದಕ್ಕ ಕೈ ಹಚ್ಚಿದೆ. "ಏನಽ ಮಲ್ಕಮ್ಮ, ಹೆಸರು ಹಿಡಿದು ಕರೀತಿ?"

"ಹೋದವರ ಆಯುಷ್ಯ ಇನ್ನೇನು ಕಡಿಮಿ ಆಗೋದದ ಅಕ್ಕಾ? ಇದ್ದಾಗ ಒಂದು ದಿನ ಅನ್ನಲಿಲ್ಲ. ಎರಡು ವರ್ಷ ಆಯ್ತು, ಆ ಹೆಸರು ಯಾರ ಬಾಯಾಗೂ ಕೇಳಿಲ್ಲ. ನಾನರೆ ಅಂತೀನಿ."

ನಾ ತಡೀಲಿಲ್ಲ. "ಏ ತಮ್ಮಾ, ಅವ ಸತ್ತು ಎರಡು ವರ್ಷ ಆಯ್ತು!"

"ನೆರಿಯವರು ಹೇಳಿದ್ದು ಬರಂಗಿಲ್ರಿ. ನಿಯಮ ಏಳು."

"ಖರೇನೇ ಸತ್ತಾರ್ರಿ" ಅಂದಳು ಮಲ್ಕಮ್ಮ.

"ಅದನ್ನ ನಾ ಕೇಳಿಲ್ಲಲ್ರಿ ಅಮ್ಮಾ. ನಿಯಮ ನಾಲ್ಕು" ಅಂದ ಬುರ್ಹಾನುದ್ದೀನ್, ಕಣ್ಣು ಎತ್ತದಂಗ. ಗುಂಡಗಿನ ಅಕ್ಷರದಾಗ ಬರದ: ಚಂದ್ರಾಮಪ್ಪ.

ಫಾರಮ್ಮುಗಳು ಕಲಬುರಗಿಗೆ ಹೋದವು. ಅಲ್ಲಿ ಹೊಸಾ ಕಂಪ್ಯೂಟರ್ ಬಂದಿತ್ತು, ಅದಕ್ಕ ಮಲ್ಲಿಗಿ ಮಾಲಿ ಹಾಕಿ, ಟೆಂಗು ಒಡದು, ಫಾರಮ್ಮು ಒಳಗ ಹಾಕಿದ್ರು. ಗೀಟು ಅಂದ್ರ ಸೊನ್ನಿ, ಸೊನ್ನಿ ಅಂದ್ರ ಗಂಡ ಇಲ್ಲ. ಕಂಪ್ಯೂಟರ್ ಎರಡು ದಿನ ಗರಗರ ಅಂದು ವರದಿ ಹೊರಗ ಹಾಕಿತು: 'ಕಮಲಾಪುರದ ೩೧೨ ಮನೆಗಳ ಪೈಕಿ ೩೧೧ ಮನೆಗಳಲ್ಲಿ ಗಂಡಂದಿರು ಇರುವುದಿಲ್ಲ. ಆದರೆ ಅತಿಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ಕಂಡುಬರುತ್ತಾರೆ.'

ಹಿಂಗ್ಯಾಕ ಅಂತ ಯಾರೂ ಕೇಳಲಿಲ್ಲ. ಗುರುಲಿಂಗಪ್ಪ ಸಾಹೇಬರು ಈ ವರದಿ ತೊಗೊಂಡು ದಿಲ್ಲಿಗೆ ಹೋದ್ರು, ದಿಲ್ಲಿಯಿಂದ ವಿಮಾನದಾಗ ಇನ್ನೂ ದೂರ ಎಲ್ಲಿಗೋ ಹೋದ್ರು. ಅಲ್ಲಿಯವರು ಕಮಲಾಪುರದ ಹೆಣ್ಣುಮಕ್ಕಳ ಸಲುವಾಗಿ ಎದ್ದು ನಿಂತು ಮೌನ ಆಚರಿಸಿದ್ರಂತ. ಆ ಹೊತ್ತಿನಾಗ ನಾವು ನಮ್ಮ ಗಂಡಂದಿರಿಗೆ ರೊಟ್ಟಿ ಬಡಿಯಾಕತ್ತಿದ್ವಿ.

ಇನ್ನ ಒಂದು ಮಾತು, ಇದು ಬರೇ ಹೆಣ್ಣುಮಕ್ಕಳು ಓದೋದು. ವರದಿಯ ನಲವತ್ತೊಂದನೇ ಪುಟದಾಗ ಬರದಿದ್ರಂತ: 'ಸದರಿ ಗ್ರಾಮದಲ್ಲಿ ಕಳೆದ ವರ್ಷ ಅರವತ್ತನಾಲ್ಕು ಕೂಸುಗಳು ಜನಿಸಿರುತ್ತವೆ. ಕಾರಣ ತಿಳಿದುಬಂದಿಲ್ಲ. ಹೆಚ್ಚಿನ ಅಧ್ಯಯನ ಅಗತ್ಯ.' ಅಯ್ಯಯ್ಯ! ಊರಿಗೆ ಒಬ್ಬನೇ ಗಂಡ, ಕೂಸು ಅರವತ್ನಾಲ್ಕು. ಬೊಟ್ಟು ಯಾರ ಕಡಿ ಹೋಗ್ತದ ನೀವೇ ಹೇಳ್ರಿ. ದಫ್ತರದ ಕಾರಕೂನರು ಚಂದ್ರಾಮಪ್ಪನ ಹೆಸರು ತೊಗೊಂಡು ಚಾ ಕುಡಿಯೋವಾಗ ನಗತಿದ್ರಂತ. ಬದುಕಿದ್ದಾಗ ಆ ಮನಿಷ್ಯಾ ಹೆಣ್ಣುಮಕ್ಕಳು ಎದುರು ಬಂದ್ರ ಹಾದಿ ಬಿಟ್ಟು ಹೊಲಕ್ಕ ಇಳೀತಿದ್ದ.

ವರದಿಯ ನಕಲು ಆರೋಗ್ಯ ಇಲಾಖೆಯವರಿಗೂ ಹೋಯ್ತು. ಕುಟುಂಬ ಯೋಜನೆ ಆಪರೇಷನ್ನಿನಾಗ ನಮ್ಮೂರಿನ ಗಂಡಸರ ಗುರಿ ವರ್ಷಕ್ಕ ನಲವತ್ತು ಇತ್ತು, ಯಾವತ್ತೂ ಮೂರು ದಾಟಿದ್ದಿಲ್ಲ. ಇರೋದೇ ಒಬ್ಬ ಗಂಡ ಅಂದಮ್ಯಾಲ ಗುರಿ ಒಂದಕ್ಕ ಇಳೀತು. ಮಾರ್ಚ್ ತಿಂಗಳು ಮುಗಿಯೋದರಾಗ ಕಾಗದ ಬಂತು: ಚಂದ್ರಾಮಪ್ಪಗ ಆಪರೇಷನ್ ಆಗ್ಯದ, ತ್ರಾಸ ಏನೂ ಆಗಿಲ್ಲ, ಕಮಲಾಪುರ ನೂರಕ್ಕ ನೂರು ಸಾಧಿಸ್ಯದ. ಕಾಣಿಕಿ ಅಂತ ಮಲ್ಕಮ್ಮಗ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ ಕೊಟ್ರು. ಆಕಿ ಅದನ್ನ ನಡುವಿನ ಖೋಲ್ಯಾಗ, ಸೋರೋ ಜಾಗದ ಕೆಳಗ ಇಟ್ಟಳು.

ಅಷ್ಟರಾಗ ಯೋಜನೆ ಬಂತು. 'ಪತಿರಹಿತ ಗೃಹಿಣಿಯರ ಸೂರು ಯೋಜನೆ.' ಮನಿಗೆ ಹತ್ತು ಪತ್ರಾ, ಅಂದ್ರ ಮನಿ ಮ್ಯಾಲ ಹೊದಿಸೋ ತಗಡು. ಗಂಡ ಇಲ್ಲದಾಕಿಗೆ ಪತ್ರಾನೇ ಯಾಕ ಅಂತ ನಾ ಭಾಗಪ್ಪಗ ಕೇಳಿದೆ. ಅವ ಆಕಡೆ ಈಕಡೆ ನೋಡಿ ಹೇಳಿದ, "ಅತ್ತಿ, ಪತ್ರಾ ಎರಡು ವರ್ಷದ ಹಿಂದೇ ಖರೀದಿ ಆಗಿ ಗೋದಾಮಿನಾಗ ಬಿದ್ದಿದ್ವು. ಯಾರೋ ದೊಡ್ಡವರ ಮೈದುನ ಕೊಟ್ಟ ಮಾಲು. ಪಾಪ, ಅವಕ್ಕ ಇಲ್ಲೀತನಕ ಪುರಾವೆ ಸಿಕ್ಕಿದ್ದಿಲ್ಲ."

ಶಾಲಿ ಮೈದಾನದಾಗ ಮಂಟಪ ಹಾಕಿ ಪತ್ರಾ ಹಂಚಿದ್ರು. ಮುನ್ನೂರ ಹನ್ನೊಂದು ಮಂದಿ ಗಂಡ ಇಲ್ಲದವರು ಇಳಕಲ್ ಸೀರಿ ಉಟ್ಟು, ಮೂಗಿಗೆ ನತ್ತು ಇಟ್ಟು, ಗಂಡಂದಿರ ಸೈಕಲ್ ಮ್ಯಾಲ ಹಿಂದ ಕುಂತು ಬಂದ್ವಿ. ಮಂಟಪದಾಗ ಯಾರೋ ಉಡಿ ತುಂಬಾಕ ಅಕ್ಕಿ, ಕೊಬ್ಬರಿ, ಕುಬಸ ಇಟ್ಟಿದ್ರು. ಉಡಿ ತುಂಬಿದಮ್ಯಾಲ ಒಡಪು ಹಾಕಿ ಗಂಡನ ಹೆಸರು ಹೇಳದೇ ಇಳಿದ್ರ ಅದು ಉಡಿ ಅನಿಸಂಗಿಲ್ಲ. ಒಡಪಿನಾಗ ಹೇಳಿದ್ರ ಆಯುಷ್ಯಕ್ಕ ಏನೂ ಆಗಂಗಿಲ್ಲ, ಪದದ ಒಳಗ ಇದ್ದದ್ದು ಯಮಗ ತಿಳಿಯಂಗಿಲ್ಲ. ಗುಂಡಮ್ಮ ಮೈಕಿನ ಮುಂದ ನಿಂತು ಅಂದಳು:

"ಸರ್ಕಾರ ಕೊಟ್ಟ ಪತ್ರಾ ಬಿಸಲಿಗೆ ಥಳಥಳ,
ಸೂಗಪ್ಪನವರು ಗಿಡದ ಕೆಳಗ ನಗತಾರ ಕಿಲಕಿಲ."

ಸೂಗಪ್ಪ ಖರೇನೇ ಗಿಡದ ಕೆಳಗ ನಿಂತು ನಗಾಕತ್ತಿದ್ದ, ಪತ್ರಾ ಹೇರಾಕ ಬಂಡಿ ಹೂಡಿಕೊಂಡು ಬಂದಿದ್ದ. ಮಂದಿ ಚಪ್ಪಾಳಿ ಬಡೀತು. ಗುರುಲಿಂಗಪ್ಪ ಸಾಹೇಬರು ಕಣ್ಣು ಒರಸಿಕೊಂಡು ಭಾಷಣ ಮಾಡಿದ್ರು: "ಅಗಲಿದ ಪತಿಯರನ್ನು ಕಾವ್ಯದಲ್ಲಿ ಜೀವಂತವಾಗಿ ಉಳಿಸಿಕೊಂಡಿರುವ ಈ ಮಹಿಳೆಯರಿಂದ ನಾವು ಕಲಿಯತಕ್ಕದ್ದು ಬಹಳ ಇದೆ." ನಾನೂ ಒಡಪು ಹಾಕಿದೆ. ನಂದು ಎಲ್ಲಾರಿಗಿಂತ ಉದ್ದ ಇತ್ತು.

ಮಲ್ಕಮ್ಮ ಮೈದಾನದ ಗೋಡಿ ಹೊರಗ ನಿಂತಿದ್ದಳು. ಕಾಗದದಾಗ ಆಕಿ ಮುತ್ತೈದಿ, ಪತ್ರಾ ಬರಂಗಿಲ್ಲ. ಓಣ್ಯಾಗ ಆಕಿ ವಿಧವಿ, ಉಡಿ ತುಂಬಂಗಿಲ್ಲ. ಯಾವ ಸಾಲಿನಾಗ ನಿಲ್ಲಬೇಕು ಅಂತ ಆಕೀಗೂ ತಿಳೀಲಿಲ್ಲ, ಕೇಳಿದ್ರ ನಾವೂ ಹೇಳಾಕ ಆಗತಿದ್ದಿಲ್ಲ.

ಆ ವರ್ಷ ಹುಮನಾಬಾದ ಹಾದಿಗೆ ಹೋಗೋ ಬಸ್ಸಿನ ಮಂದಿ ಕಮಲಾಪುರ ಬಂದ ಕೂಡಲೇ ಕಣ್ಣಿಗೆ ಕೈ ಅಡ್ಡ ಹಿಡೀತಿದ್ರು, ಅಷ್ಟು ಮಿಂಚತಿತ್ತು ಊರು. ಪರ್ಸಿಕಲ್ಲಿನ ಗಟ್ಟಿ ಮನಿ ಇದ್ದವರು ಪತ್ರಾ ಎಲ್ಲಿ ಹಾಕ್ಬೇಕು? ಗುಂಡಮ್ಮ ಬಚ್ಚಲಕ್ಕ ಹಾಕಿದಳು, ರೋಷನಬಿ ಕೋಳಿಗಳಿಗೆ ಹಾಕಿದಳು. ನಾವು ಎಮ್ಮಿ ಕೊಟ್ಟಿಗಿಗೆ ಹಾಕಿದ್ವಿ. ಆಮ್ಯಾಲ ಭಾದ್ರಪದದ ಮಳಿ ಮೂರು ದಿನ ಬಿಟ್ಟೂ ಬಿಡದೇ ಹೊಡೀತು. ಇಡೀ ಊರಿನ ಪತ್ರಾ ತಾಸೆ ಬಡದಂಗ ಬಡೀತು. ಮೂರನೇ ದಿನ ಮಧ್ಯಾಹ್ನ ಮಲ್ಕಮ್ಮನ ಮಾಳಗಿ ಕುಸಿದು ಬಿತ್ತು. ಆಕಿ ಬಕೆಟ್ ಚೆಲ್ಲಾಕ ಹೊರಗ ಬಂದಿದ್ದಳು, ಅದಕ್ಕ ಉಳಿದಳು. ಆಪರೇಷನ್ನಿನ ಬಕೆಟ್ಟು ಜೀವ ಉಳಿಸಿತು ಅಂತ ಆರೋಗ್ಯ ಇಲಾಖೆಯವರು ಬರಕೊಂಡು ಹೋದ್ರು.

ಗಂಡ ಸತ್ತ ಸರ್ಟಿಫಿಕೇಟು ಸೆರಗಿನಾಗ ಕಟ್ಟಿಕೊಂಡು ಮಲ್ಕಮ್ಮ ಕಲಬುರಗಿಗೆ ಹೊಂಟಳು. ಸಂಗಡ ನಾ ಹೋದೆ, ಆಕಿ ಒಬ್ಬಾಕಿ ಹೋಗಿ ಏನು ಮಾತಾಡಿ ಬರ್ತಾಳ ಅಂತ ನನಗ ಹ್ಯಾಂಗ ತಿಳೀಬೇಕು?

ಸಾಹೇಬರು ಸರ್ಟಿಫಿಕೇಟು ಹಿಂದ ಮುಂದ ತಿರಗಿಸಿ ನೋಡಿದ್ರು. "ನೋಡವ್ವಾ, ಇದು ಒಬ್ಬನ ಬಗ್ಗೆ ಹೇಳ್ತದ. ನಮ್ಮ ವರದಿ ಮುನ್ನೂರ ಹನ್ನೆರಡು ಮನಿ ಬಗ್ಗೆ ಹೇಳ್ತದ. ಯಾವುದು ದೊಡ್ಡದು?"

"ನಿಮ್ದೇ ದೊಡ್ಡದ್ರಿ. ಆದ್ರ ಸತ್ತಾಂವ ನಮ್ಮವ."

"ಒಂದು ಸಾವಿನ ಮ್ಯಾಲ ನೀತಿ ಬದಲಿ ಮಾಡಾಕ ಬರಂಗಿಲ್ಲ."

"ನೀತಿ ಇರಲಿ ಬಿಡ್ರಿ ಸಾಹೇಬ್ರ. ನನಗ ಹತ್ತು ಪತ್ರಾ ಕೊಡ್ರಿ."

ಅಷ್ಟರಾಗ ಟೆಲಿಫೋನ್ ಹೊಡಕೊಂಡಿತು. ಭಾಗಪ್ಪ ಎತ್ತಿದ. "ಹಲೋ, ಯಾರು ಬೇಕ್ರಿ? ... ಅವರಂದ್ರ ಯಾರ್ರಿ? ... ಹೆಸರು ಹೇಳ್ರಿ ... ಹ್ಞಾಂ, ಹ್ಞಾಂ, ತಿಳೀತ್ರಿ." ಫೋನಿನ ಬಾಯಿ ಮ್ಯಾಲ ಕೈ ಇಟ್ಟು ಅಂದ, "ಸಾಹೇಬ್ರ, ಮನಿಯಿಂದ ವಿಮಲಾಬಾಯಾರು." ಸಾಹೇಬರು ಫೋನ್ ತೊಗೊಂಡು ಹೆಂಡ್ತಿಗೆ ಬದನಿಕಾಯಿ ತರ್ತೀನಿ ಅಂತ ಮಾತು ಕೊಟ್ರು, ಇಟ್ರು, ಕನ್ನಡಕ ಏರಿಸಿಕೊಂಡ್ರು. "ಏನು ಹೇಳಾಕತ್ತಿದ್ದೆ? ಹ್ಞಾಂ. ಹೆಸರು ಹೇಳದಾಕಿಗೆ ಗಂಡ ಇರಂಗಿಲ್ಲ, ಇದು ಸಿದ್ಧ ಆದ ಮಾತು."

ಮಲ್ಕಮ್ಮ ನನ್ನ ಮಾರಿ ನೋಡಿದಳು. ನಾ ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ.

ಆದ್ರ ಸಾಹೇಬರು ನಿರ್ದಯಿ ಅಲ್ಲ. ಕಪಾಟಿನಿಂದ ನಿಯಮದ ಪುಸ್ತಕ ತೆಗಿಸಿದ್ರು: 'ನಿಯಮ ೧೯: ಒಮ್ಮೆ ಕೊಟ್ಟ ಉತ್ತರವನ್ನು ಕೊಟ್ಟವರೇ ತಿದ್ದತಕ್ಕದ್ದಲ್ಲ. ನಿಯಮ ೪ ಮತ್ತು ೭ರಲ್ಲಿ ಏನೇ ಹೇಳಿದ್ದರೂ, ನೆರೆಮನೆಯ ಹೆಣ್ಣುಮಗಳೊಬ್ಬಳು ಸ್ಥಳದಲ್ಲಿ ಬಾಯಿಬಿಟ್ಟು ಹೇಳಿದಲ್ಲಿ ಮಾತ್ರ ತಿದ್ದುಪಡಿಗೆ ಅವಕಾಶವಿರುತ್ತದೆ.' ಮಲ್ಕಮ್ಮನ ಮಾರಿ ಅರಳಿತು. "ಅಷ್ಟೇ ಏನ್ರಿ? ನೆರಿಯಾಕಿ ಇಲ್ಲೇ ಅದಾಳ. ಈಕಿ ಬಾಯಿ ಬಿಡಸಾಕ ಕಷ್ಟ ಇಲ್ರಿ, ಮುಚ್ಚಸಾಕ ಕಷ್ಟ." ಎಲ್ಲಾರೂ ನಕ್ರು. ನಾನೂ ನಕ್ಕೆ.

ಎಂಟು ದಿನಕ್ಕ ಬುರ್ಹಾನುದ್ದೀನ್ ಫೈಲ್ ತೊಗೊಂಡು ಬಂದ. ಓಣಿಯೆಲ್ಲಾ ಕೂಡಿತ್ತು. ಮಲ್ಕಮ್ಮ ಬಿದ್ದ ಗೋಡಿ ಮುಂದ ನಿಂತಿದ್ದಳು, ಹಿಂದ ಮಣ್ಣಿನ ಗುಡ್ಡಿ, ಮ್ಯಾಲ ಒಂದು ತಾಡಪತ್ರಿ. ಹುಡುಗ ಮೊದಲು ನನ್ನನ್ನ ಆಕಡೆ ಕರದು ಸಣ್ಣಗ ಹೇಳಿದ. "ಅಮ್ಮಾ, ಒಂದು ಮಾತು ತಿಳಕೋರಿ. ನೀವು ಸತ್ತಾನ ಅಂದ್ರಿ ಅಂದ್ರ ವರದಿ ಒಂದು ಕಡಿ ಗಲತ್ ಆಗ್ತದ. ಒಂದು ಕಡಿ ಗಲತ್ ಆದ್ರ ಎಲ್ಲಾ ಮನಿ ತಿರಗಿ ಕೇಳ್ಬೇಕು. ತಿರಗಿ ಕೇಳಿದ್ರ..." ಅವನ ಕಣ್ಣು ನಮ್ಮ ಕೊಟ್ಟಿಗಿ ಮ್ಯಾಲಿನ ಪತ್ರಾದ ಕಡಿ ಹೋಯ್ತು. ಅದರ ಕೆಳಗ ನಮ್ಮ ಅತಿಥಿ ಎಮ್ಮಿಗೆ ಕಣಿಕಿ ಹಾಕಾಕತ್ತಿದ್ರು.

ಆಮ್ಯಾಲ ಎಲ್ಲಾರ ಮುಂದ ಜೋರಾಗಿ ಕೇಳಿದ. "ಪುತಳಾಬಾಯಿ ಅವರೇ, ನಿಮ್ಮ ನೆರೆಯ ಮಲ್ಕಮ್ಮ ಇವರ ಗಂಡನಾದ ಚಂದ್ರಾಮಪ್ಪ ಎಂಬವರು ಬದುಕಿರುತ್ತಾರೆಯೇ ಅಥವಾ ಸತ್ತಿರುತ್ತಾರೆಯೇ?"

ಗುಂಡಮ್ಮ ನನ್ನ ನೋಡಿದಳು. ರೋಷನಬಿ ನೋಡಿದಳು. ಸೂಗಪ್ಪ ತನ್ನ ಬಚ್ಚಲದ ಕಡಿ ನೋಡಿ ನನ್ನ ನೋಡಿದ. ಮುನ್ನೂರ ಹನ್ನೊಂದು ಮನಿ ಪತ್ರಾ ನನ್ನ ನಾಲಿಗಿ ಮ್ಯಾಲ ಕುಂತಿತ್ತು. ಮಲ್ಕಮ್ಮ ಮಾತ್ರ ನಗುಮಾರಿಲೆ ನಿಂತಿದ್ದಳು. ಚಂದ್ರಾಮಪ್ಪನ ಹೆಣಕ್ಕ ಎಣ್ಣಿ ಹಚ್ಚಿ ನೀರು ಹಾಕೋವಾಗ ಬಿಂದಗಿ ಹಿಡಕೊಂಡು ನಿಂತಾಕಿ ನಾನೇ. ಅದು ಆಕೀಗೆ ನೆನಪಿತ್ತು.

ನಾ ಎಲಿ ಅಡಿಕಿ ತೆಗೆದು ಬಾಯಿಗೆ ಹಾಕ್ಕೊಂಡೆ. ಬಾಯಿ ತುಂಬ ಎಲಿ ಇದ್ದಾಗ ಮಾತಾಡೋದು ಸಂಸ್ಕಾರ ಅಲ್ಲ.

ಬುರ್ಹಾನುದ್ದೀನ್ ಭಾಳ ಹೊತ್ತು ಕಾದ. ಕಡೀಕ ಬರದ: 'ನೆರೆಯವರು ಮೌನ ವಹಿಸಿರುತ್ತಾರೆ. ಮೌನವು ಆಕ್ಷೇಪಣೆ ಅಲ್ಲ. ಆದಕಾರಣ ಚಂದ್ರಾಮಪ್ಪ ಇವರು ಬದುಕಿರುತ್ತಾರೆ.' ಕೆಳಗ ನನ್ನ ಹೆಬ್ಬಟ್ಟು ಒತ್ತಿಸಿಕೊಂಡ. ನನಗ ಸಹಿ ಬರ್ತದ, ಆದ್ರ ಅವತ್ತು ನಾ ಹೆಬ್ಬಟ್ಟೇ ಒತ್ತಿದೆ. ಮಲ್ಕಮ್ಮ ತಾಡಪತ್ರಿ ಕೆಳಗ ಹೋಗಿ ಒಲಿ ಹಚ್ಚಿದಳು.

ಆಕಿ ಎರಡು ಮಳಿಗಾಲ ಹಂಗೇ ಕಳದಳು. ನಾ ಮನಸು ಗಟ್ಟಿ ಇರೋ ಹೆಂಗಸು, ಆದ್ರೂ ಮೂರನೇ ಮಳಿಗೆ ಆಕಿನ್ನ ನಮ್ಮ ಕೊಟ್ಟಿಗ್ಯಾಗ ಕರದು ಇಟಗೊಂಡೆ. ಎಮ್ಮಿ ಒಂದು ಮಗ್ಗಲ, ಮಲ್ಕಮ್ಮ ಒಂದು ಮಗ್ಗಲ. ಪತ್ರಾ ಒಂಚೂರೂ ಸೋರಂಗಿಲ್ಲ.

ತೊಂಬತ್ತೆಂಟರಾಗ ಎರಡನೇ ಸಮೀಕ್ಷೆ ಬಂತು, ಯೋಜನೆಯಿಂದ ಏನು ಫರಕ್ ಆಗ್ಯದ ಅಂತ ನೋಡಾಕ. ಈ ಸಲ ಯಾರಿಗೂ ಹೇಳಿಕೊಡೋದು ಬೇಕಾಗಲಿಲ್ಲ. ಜೀಪಿನ ಧೂಳು ಕಂಡ ಕೂಡಲೇ ಗಂಡಂದಿರು ತಾವೇ ಎದ್ದು ಬಾಳಿ ತೋಟಕ್ಕ ನಡದ್ರು, ಹೊಂಟವರು ಮಕ್ಕಳಿಗೆ ಹೇಳಿದ್ರು, "ಯಾರರೆ ಕೇಳಿದ್ರ ನಾ ಇಲ್ಲ ಅನ್ರಿ." ರೂಢಿ ಆಗಿಬಿಟ್ಟಿತ್ತು. ನಮ್ಮ ಮನಿಯವರು ಒಬ್ಬರೇ ಉಳಿದ್ರು, ಅತಿಥಿಗೆ ಅಡ್ಡಿಯಿಲ್ಲ ಅಂದ್ರು.

ಬುರ್ಹಾನುದ್ದೀನ್ ಕೊಟ್ಟಿಗಿ ಬಾಗಲಕ್ಕ ಬಂದ. ಈಗ ಅವಂದೂ ಲಗ್ನ ಆಗಿತ್ತು, ತಲ್ಯಾಗ ಎರಡು ಬಿಳೀ ಕೂದಲು. "ಅಮ್ಮಾ, ಯಜಮಾನರ ಹೆಸರೇನ್ರಿ?"

ಮಲ್ಕಮ್ಮ ಸೆರಗು ತಲಿ ಮ್ಯಾಲ ಎಳಕೊಂಡಳು. ಮಾರಿ ಆಕಡಿ ತಿರಗಿಸಿದಳು. ಹೊಸಾ ಮದಲಗಿತ್ತಿ ಹಂಗ ಕಾಲಿನ ಹೆಬ್ಬೆರಳಿಲೆ ನೆಲ ಕೆರದಳು.

"ಇಶ್ಶಿ. ಹ್ಯಾಂಗ ಹೇಳ್ಲೋ ತಮ್ಮಾ."

ಹುಡುಗ ಗೀಟು ಎಳೆದ. ಆ ಗೀಟು ಎಳೀತಲೇ ಸರ್ಕಾರದ ಪ್ರಕಾರ ಚಂದ್ರಾಮಪ್ಪ ಸತ್ತ. ಮಲ್ಕಮ್ಮ ಎಮ್ಮಿ ಕೊರಳಿಗೆ ಜೋತುಬಿದ್ದು ಅತ್ತಳು, ಐದು ವರ್ಷದ ಹಿಂದ ಅತ್ತಂಗೇ. ನಾ ಓಣಿ ಮಂದೀನೆಲ್ಲಾ ಕರದು ತೋರಿಸಿದೆ.

ವರದಿ ಬಂತು: 'ಮುನ್ನೂರ ಹನ್ನೆರಡರ ಪೈಕಿ ಮುನ್ನೂರ ಹನ್ನೆರಡೂ ಮನೆಗಳಲ್ಲಿ ಗಂಡಂದಿರು ಇರುವುದಿಲ್ಲ. ಸೂರಿನ ವಿಷಯದಲ್ಲಿ ಗುರಿ ಸಾಧನೆಯಾಗಿದ್ದು, ಯೋಜನೆಯನ್ನು ಮುಕ್ತಾಯಗೊಳಿಸಲಾಗಿದೆ.' ಮಲ್ಕಮ್ಮ ಪತ್ರಾಕ್ಕ ಪಾತ್ರ ಆದ ವಾರದಾಗೇ ಪತ್ರಾ ಬಂದ್ ಆದವು. ಆಕಿ ಹೋಗಿ ಕೇಳಿದಳು. ಮುಂದಿನ ಪುರಾವೆ ತನಕ ತಡೀಬೇಕು ಅಂದ್ರು. ಆಯ್ತ್ರಿ ಅಂದು ಬಂದಳು.

ವ್ಯವಸ್ಥಾ ಎಲ್ಲಾರಿಗೂ ಹೊಂದಿಕೊಂಡದ. ಹೋದ ತಿಂಗಳು ಗುರುಲಿಂಗಪ್ಪ ಸಾಹೇಬರು ಇಬ್ಬರು ಹೊರದೇಶದವರನ್ನ ಕರಕೊಂಡು ಬಂದು ನಮ್ಮ ಕೊಟ್ಟಿಗಿ ಫೋಟೋ ತೆಗಿಸಿದ್ರು. ನಾನು, ಮಲ್ಕಮ್ಮ, ನಡುವ ಎಮ್ಮಿ. ದೊಡ್ಡ ಪುಸ್ತಕದಾಗ ಹಾಕ್ಯಾರಂತ, ಕೆಳಗ ಬರದಾರ: 'ಪತಿರಹಿತ ಮಹಿಳೆಯರು ಪರಸ್ಪರ ಆಸರೆಯಾಗುವ ಕಮಲಾಪುರ ಮಾದರಿ.' ಇನ್ನ ಏಳು ಜಿಲ್ಲಾದಾಗ ಇದನ್ನ ಜಾರಿಗೆ ತರೋರಂತ. ಅಲ್ಲಿಗೆಲ್ಲಾ ಮೊದಲು ಎಮ್ಮಿ ಬೇಕು ಅಂತ ಶಿಫಾರಸು ಆಗ್ಯದ, ಯಾರದೋ ಮೈದುನನ ಹತ್ತಿರ ಎಮ್ಮಿ ತಯಾರ ಅವ ಅಂತ ಭಾಗಪ್ಪ ಹೇಳಿದ. ನೀವು ಯಾರಿಗೂ ಹೇಳಬ್ಯಾಡ್ರಿ.

ನಿನ್ನಿ ಸಂಜೀಕ ಎಮ್ಮಿ ಹಿಂಡಾಕ ಹೋದಾಗ ಮಲ್ಕಮ್ಮ ಕೌದಿ ಹೊಲಿಯಾಕತ್ತಿದ್ದಳು. ಮನಸು ತುಂಬಿ ಬಂದು ನಾ ಅಂದೆ, "ಮಲ್ಕಮ್ಮ, ನಿನ್ನ ಕಥಿ ಬರದು ಇಡ್ತೀನಿ. ಎಷ್ಟು ತ್ರಾಸ ಪಟ್ಟಿ ಅಂತ ನಾಲ್ಕು ಮಂದಿಗೆ ಗೊತ್ತಾಗ್ಲಿ. ನಿನ್ನ ಸಲುವಾಗಿ ಬಾಯಿ ಬಿಡೋರು ಈ ಓಣ್ಯಾಗ ನಾ ಬಿಟ್ರ ಯಾರದಾರ?"

ಆಕಿ ದಾರ ಹಲ್ಲಿಲೆ ಕಡದಳು. ಸೂಜಿ ಕೌದಿಗೆ ಚುಚ್ಚಿ ಇಟ್ಟಳು. ನನ್ನ ಮಾರಿ ನೋಡೇ ಅಂದಳು:

"ಪುತಳಕ್ಕಾ, ನಾ ಈ ಓಣಿಗೆ ಸೊಸಿಯಾಗಿ ಬಂದು ಇಪ್ಪತ್ತೆರಡು ವರ್ಷ ಆಯ್ತು. ನಿನ್ನ ಬಾಯಿ ಮುಚ್ಚಿದ್ದು ಒಂದೇ ಸಲ ನೋಡೀನಿ."